ದೊಡ್ಡವ್ವ ಹಾಕಿದ ಕಿಚ್ಚು

ಮೊನ್ನೆ ಸಂಕ್ರಾಂತಿಯ ಸಾಮಾನು ತರಲು ಮದ್ದೂರು ಪೇಟೆಗೆ ಹೋಗಿದ್ದೆ. ಎಳ್ಳು, ಕೊಬ್ಬರಿ, ಸಕ್ಕರೆ ಅಚ್ಚು ಎಲ್ಲ ಕಟ್ಟಿಸಿಕೊಂಡು ನಿಂತಿದ್ದಾಗ ಪಕ್ಕದಲ್ಲಿದ್ದ ರೈತರೊಬ್ಬರು ಸಣ್ಣ ಸೀಸೆ ಚಾಚಿ ಹೊಂಗೆ ಎಣ್ಣೆ ಕೇಳಿದರು. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದರು, ಅಷ್ಟೇ. ಆ ಕಹಿ ಕಮಟು ವಾಸನೆ ಎಳ್ಳು, ಏಲಕ್ಕಿಗಳ ಪರಿಮಳವನ್ನೆಲ್ಲ ಸರಿಸಿ ನೇರ ಮೂಗಿಗೆ ಬಡಿಯಿತು. "ಇನ್ನೇನ್ ಕೊಡ್ಲಿ ಟೀಚರ್ರೇ?" ಎಂದು ಅಂಗಡಿಯವರು ಎರಡು ಸಲ ಕೇಳಿದರಂತೆ. ನನಗೆ ಕೇಳಿಸಲಿಲ್ಲ. ನಾನು ಆಗಲೇ ನಮ್ಮ ಆಚೆಮನೆ ದೊಡ್ಡವ್ವನ ಕೊಟ್ಟಿಗೆಯಲ್ಲಿದ್ದೆ...

ನಾನು ಮಂಡ್ಯ ಪೇಟೆಯಲ್ಲಿ ಬೆಳೆದವಳು. ಆತಗೂರಿನ ಕಡೆಯ ಹಳ್ಳಿಗೆ ಸೊಸೆಯಾಗಿ ಬಂದಾಗ ಮಳವಳ್ಳಿಯ ಶಾಲೆಯಲ್ಲಿ ವಿಜ್ಞಾನದ ಟೀಚರಾಗಿ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ನನಗೆ ಗೊತ್ತಿದ್ದ ಸಂಕ್ರಾಂತಿ ಎಂದರೆ ರೇಷ್ಮೆ ಸೀರೆ, ತಟ್ಟೆ ತುಂಬ ಎಳ್ಳುಬೆಲ್ಲ, ಕಬ್ಬಿನ ತುಂಡು, ಬೀದಿಯ ಮನೆಗಳಿಗೆಲ್ಲ ಬೀರಿ ಬರುವ ಸಂಜೆ. ಗಂಡನ ಮನೆಯ ಮೊದಲ ಸಂಕ್ರಾಂತಿಯ ಬೆಳಿಗ್ಗೆಯೂ ಹಾಗೇ ತಟ್ಟೆ ಜೋಡಿಸುತ್ತ ಕೂತಿದ್ದೆ. ದೊಡ್ಡವ್ವ ಬಾಗಿಲಲ್ಲಿ ಬಂದು ನಿಂತಳು. ಸೀರೆ ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದಳು, ಕೈಯಲ್ಲಿ ತೆಂಗಿನ ನಾರಿನ ಉಂಡೆ.

"ಅದ್ನ ಆಮ್ಯಾಕೆ ಬೀರೀವಂತೆ ಬಾರವ್ವ. ಅಬ್ಬ ಯಾರ್ದೋ ಅವ್ರ ಮೈ ಮೊದ್ಲು ತೊಳ್ಯಾಣ."

ಹಬ್ಬ ಅವಳ ಎತ್ತುಗಳದ್ದು. ಬೂದು ಬಣ್ಣದ ಹಳ್ಳಿಕಾರ್ ಜೋಡಿ. ಗಂಡ ತೀರಿಕೊಂಡ ಮೇಲೆ ಆ ಜೋಡಿಯನ್ನು ನೆಚ್ಚಿಕೊಂಡೇ ಅವಳು ಎರಡು ಎಕರೆ ಗದ್ದೆ ಮಾಡಿದ್ದಳು, ಮಗನನ್ನು ದೊಡ್ಡವನನ್ನಾಗಿ ಮಾಡಿದ್ದಳು. ನಮಗೆ ಅವಳು ನೆಂಟಳಲ್ಲ, ಗೋಡೆಯಾಚೆಯ ಮನೆಯವಳು. ಆದರೆ ಊರಿಗೆಲ್ಲ ಅವಳು ದೊಡ್ಡವ್ವನೇ. "ನೀವು" ಅಂದರೆ ಮುಖ ಊದಿಸುತ್ತಿದ್ದಳು, ಹಾಗಾಗಿ ನಾನೂ "ನೀನು" ಎನ್ನುವುದನ್ನು ಕಲಿತೆ.

ನಾಲೆಯ ನೀರಲ್ಲಿ ನಿಂತು ಅವಳು ಎತ್ತಿನ ಕುತ್ತಿಗೆ ಉಜ್ಜುವುದನ್ನು ನೋಡಬೇಕಿತ್ತು. ನೊಗ ಕೂತು ಕೂತು ಗಟ್ಟಿಯಾದ ಹೆಗಲಿನ ಚರ್ಮದ ಮೇಲೆ ಮಾತ್ರ ಅವಳ ಕೈ ಮೆತ್ತಗಾಗುತ್ತಿತ್ತು. ನಾನು ದೂರದಲ್ಲಿ, ಸೀರೆ ನೆನೆಯದಂತೆ ನಿಂತಿದ್ದೆ. ನನಗೆ ದನ ಕಂಡರೆ ಭಯ. ಸಂಜೆ ದನಗಳನ್ನು ಬೆಂಕಿ ದಾಟಿಸಿ ಕಿಚ್ಚು ಹಾಯಿಸುವುದು ಯಾಕೆ ಎಂದು ಅಲ್ಲಿಂದಲೇ ಕೇಳಿದೆ.

"ನಂಗೇನವ್ವ ಗೊತ್ತು, ನಮ್ಮತ್ತೆ ಏಳಿದ್ದು ಏಳ್ತೀನಿ. ಮಳ್ಗಾಲೆಲ್ಲ ಕೆಸ್ರಲ್ ದುಡ್ದಿರ್ತವೆ, ಉಣ್ಣೆ ಕಚ್ಕಂಡಿರ್ತವೆ, ಗೊರಸು ಕೊಳ್ತಿರ್ತವೆ. ಪೈರು ಮನ್ಗೆ ಬಂದ್ಮೇಲೆ ಅವುಕ್ಕೊಂಚೂರು ಬಿಸಿ ತೋರ್ಸದು, ಒಗೆ ತೋರ್ಸದು. ವರ್ಸೆಲ್ಲ ಅವ್ರ ಎಗ್ಲ ಮ್ಯಾಲೆ ನಾವು ಉಣ್ತೀವಿ. ಇದೊಂದಿನ ಅವುಕ್ಕೆ ನಾವು ಆಳು."

ಸೂರ್ಯ ಪಥ ಬದಲಿಸುವುದು, ಉತ್ತರಾಯಣದ ಪುಣ್ಯಕಾಲ ಇವೆಲ್ಲ ನಾನು ಮಕ್ಕಳಿಗೆ ಪಾಠ ಹೇಳಿದ್ದವಳೇ. ಆದರೆ ಹಬ್ಬದ ಅರ್ಥ ಒಂದು ಎತ್ತಿನ ಗೊರಸಿನಲ್ಲಿಯೂ ಇರುತ್ತದೆ ಎಂದು ನನಗೆ ಹೇಳಿದವಳು ಅವಳು.

ಅವತ್ತು ಸಂಜೆ ಊರ ಮುಂದಿನ ಬಯಲಲ್ಲಿ ಕಿಚ್ಚು. ಕೊಂಬಿಗೆ ಬಣ್ಣ, ಬಲೂನು, ಕೊರಳಿಗೆ ಗೆಜ್ಜೆ, ಬೆನ್ನಿಗೆ ಬಣ್ಣದ ಬಟ್ಟೆ. ದನಗಳೆಲ್ಲ ಮದುವೆ ಮನೆಗೆ ಹೊರಟಂತಿದ್ದವು. ಹಾದಿಗೆ ಅಡ್ಡಲಾಗಿ ಹುಲ್ಲು ಹರಡಿದರು. ಹುಡುಗರು ಮೊಬೈಲು ಹಿಡಿದು ಸಾಲಾಗಿ ನಿಂತಿದ್ದರು. ಉರಿ ಸಾಲದು, ವೀಡಿಯೋದಲ್ಲಿ ಕಾಣುವುದಿಲ್ಲ ಎಂದು ಯಾರೋ ಬೈಕಿನಿಂದ ಪೆಟ್ರೋಲು ಇಳಿಸಿ ತಂದರು. ದೊಡ್ಡವ್ವನ ಮಗನೇ ಅದನ್ನು ಸುರಿದ. ಸುರಿದು ಬೆಂಕಿ ಹಚ್ಚಿ, ಎತ್ತುಗಳ ಹಗ್ಗ ಹಿಡಿದು ಓಡಿದ. ಉರಿ ಆಳೆತ್ತರಕ್ಕೆ ಎದ್ದಿತು. ಬಲಗಡೆಯ ಎತ್ತು ನೆಗೆದು ದಾಟಿತು. ಎಡದೆತ್ತು ನಡುವೆ ಬೆಚ್ಚಿ ನಿಂತುಬಿಟ್ಟಿತು.

ಅದು ಕೂಗಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ... ಹಗ್ಗ ಕಿತ್ತುಕೊಂಡು ಕಬ್ಬಿನ ಗದ್ದೆಗೆ ನುಗ್ಗಿತು. ಗಂಡಸರು ಕೋಲು ಹಿಡಿದು ಹುಡುಕಲು ಹೊರಟಾಗ ದೊಡ್ಡವ್ವ ಎಲ್ಲರನ್ನೂ ತಡೆದು ಒಬ್ಬಳೇ ಕಬ್ಬಿನೊಳಕ್ಕೆ ಹೋದಳು. "ಬಾ ನನ್ನಪ್ಪ, ಬಾ ನನ್ನಪ್ಪ" ಎಂಬ ಅವಳ ದನಿ ಮಾತ್ರ ಕೇಳುತ್ತಿತ್ತು. ಹೊರಗೆ ಬಂದಾಗ ಎತ್ತಿನ ಹೊಟ್ಟೆಯ ಒಂದು ಮಗ್ಗುಲು, ಹಿಂಗಾಲಿನ ಒಳಗಡೆ ಬೆಂದಿತ್ತು. ಬೆನ್ನ ಮೇಲಿನ ಬಣ್ಣದ ಬಟ್ಟೆಯನ್ನು ಅವಳು ಆಗಲೇ ಬಿಚ್ಚಿ ಎಸೆದಿದ್ದಳು.

ಪಶು ಆಸ್ಪತ್ರೆಯ ಡಾಕ್ಟರು ಬಂದು ಸೂಜಿ ಚುಚ್ಚಿದರು, ಮುಲಾಮು ಕೊಟ್ಟರು. ದೊಡ್ಡವ್ವ ಗಾಯಕ್ಕೆ ಅದನ್ನು ಹಚ್ಚಿದಳು. ನೊಣ ಕೂರದಿರಲೆಂದು ಗಾಯದ ಸುತ್ತ ಹೊಂಗೆ ಎಣ್ಣೆಗೆ ಅರಿಶಿನ ಕಲಸಿ ಸವರಿದಳು. ಶಾಲೆಯಿಂದ ಬಂದವಳೇ ನಾನೂ ಹೋಗಿ ಎಣ್ಣೆಯ ಬಟ್ಟಲು ಹಿಡಿದುಕೊಂಡು ನಿಲ್ಲುತ್ತಿದ್ದೆ. ಮೊದಲು ಬಾಗಿಲಲ್ಲಿ, ಆಮೇಲೆ ಒಳಗೆ, ಆಮೇಲೆ ಎತ್ತಿನ ಪಕ್ಕದಲ್ಲೇ. ನನ್ನ ಭಯ ಯಾವಾಗ ಹೋಯಿತೋ ನನಗೇ ತಿಳಿಯಲಿಲ್ಲ.

ಗಾಯ ಮಾಯಿತು, ಹೆದರಿಕೆ ಮಾಯಲಿಲ್ಲ. ಯಾರಾದರೂ ಬೀಡಿಗೆ ಕಡ್ಡಿ ಗೀರಿದರೂ ಎಡದೆತ್ತು ನಡುಗುತ್ತಿತ್ತು. ಕಿಚ್ಚು ದಾಟದ ದನ ಮನೆಗೆ ಆಗಿಬರುವುದಿಲ್ಲ, ಕೊಟ್ಟುಬಿಡಿ ಎಂದು ಊರವರು ಹೇಳತೊಡಗಿದರು. ಮಗನಿಗೂ ಅದೇ ಸರಿ ಅನ್ನಿಸಿತು. ದಿನಾ ಆ ಸುಟ್ಟ ಕಲೆ ನೋಡುವುದು ಅವನಿಗೆ ಆಗುತ್ತಿರಲಿಲ್ಲವೇನೋ ಎಂದು ಈಗ ಅನ್ನಿಸುತ್ತದೆ. ಒಂದು ದಿನ ನಾನಿರುವಾಗಲೇ ಮಾತು ತೆಗೆದ.

"ಕೊಟ್ಬುಡಣ ಕಣವ್ವ. ಬೇರೆ ಜೋಡಿ ತರನ."

ದೊಡ್ಡವ್ವ ಹುಲ್ಲು ಹಾಕುತ್ತಿದ್ದವಳು ತಿರುಗಲೂ ಇಲ್ಲ. "ಬೆಂಕಿ ಅಚ್ದೋನು ನೀನು. ಮನೆ ಬುಟ್ಟೋಗದು ಅದಾ?"

ಮಗ ಹೊರಗೆ ಹೋದ. ಆಮೇಲೆ ಬಹಳ ತಿಂಗಳು ತಾಯಿ ಮಗನ ನಡುವೆ ಊಟಕ್ಕೆ ಕರೆಯುವಷ್ಟು ಮಾತು ಮಾತ್ರ ಉಳಿಯಿತು.

ಮುಂದಿನ ಸಂಕ್ರಾಂತಿ ಹತ್ತಿರ ಬಂತು. ಒಂದು ಬೆಳಿಗ್ಗೆ ಡೈರಿಯ ಮುಂದೆ ಹಾಲು ಹಾಕಲು ಊರೇ ನಿಂತಿರುವಾಗ ದೊಡ್ಡವ್ವ ಕ್ಯಾನು ಕೆಳಗಿಟ್ಟು ಮಾತಾಡಿದಳು. ಈ ಸಲ ಪೆಟ್ರೋಲು ಬೇಡ, ಬರೀ ಹುಲ್ಲು ಸಾಕು, ಅದೂ ತೆಳ್ಳಗೆ ಎಂದಳು. ಯಜಮಾನರೊಬ್ಬರು ನಕ್ಕರು.

"ನಿನ್ನೆತ್ತು ಎದ್ರುಪುಕ್ಲು ಅಂತ ಊರಬ್ಬನೇ ನಿಲ್ಸದಾ ದೊಡ್ಡವ್ವ?"

"ಅಬ್ಬ ನಿಲ್ಸಿ ಅಂದ್ನಾ ನಾನು? ದನುಕ್ಕೋಸ್ಕರ ಮಾಡೋ ಅಬ್ಬದಾಗೆ ದನನೇ ಎದರ್ಕಂಡ್ರೆ, ಆ ಅಬ್ಬ ಯಾರ್ದಪ್ಪ? ಮೊಬೈಲಿಂದಾ?"

ಸಾಲಿನಲ್ಲಿದ್ದವರು ತಮ್ಮ ತಮ್ಮ ಕ್ಯಾನು ಮುಂದಕ್ಕೆ ಸರಿಸಿಕೊಂಡರು. ಯಾರೂ ಒಪ್ಪಲಿಲ್ಲ. ಅವಳು ಹಾಲು ಹಾಕಿ ಮನೆಗೆ ಬಂದಳು. "ನೋಡಣ ಬುಡು" ಎಂದಷ್ಟೇ ನನಗೆ ಹೇಳಿದಳು.

ಹಬ್ಬದ ಸಂಜೆ ಊರೆಲ್ಲ ಬಯಲಿಗೆ ನಡೆಯಿತು. ದೊಡ್ಡವ್ವ ಮಾತ್ರ ಮನೆಯ ಹಿಂದಿನ ಕಣದಲ್ಲಿ, ಭತ್ತ ಬಡಿದ ಜಾಗದಲ್ಲೇ, ತನ್ನ ಗದ್ದೆಯ ಹುಲ್ಲನ್ನು ಒಂದು ಗೆರೆ ಎಳೆದಂತೆ ಹರಡಿದಳು. ಎತ್ತುಗಳಿಗೆ ಅರಿಶಿನ ಕುಂಕುಮ ಇಟ್ಟು, ಪೊಂಗಲ್ ತಿನ್ನಿಸಿ, ಪೂಜೆ ಮಾಡಿದಳು. ಬಣ್ಣದ ಬಟ್ಟೆ ಹೊದಿಸಲಿಲ್ಲ. ಬಲದೆತ್ತಿನ ಹಗ್ಗವನ್ನು ನನ್ನ ಕೈಗೆ ಕೊಟ್ಟಳು.

"ಇಡ್ಕೋ ಮಗ. ಎಳೀಬ್ಯಾಡ, ಸುಮ್ನೆ ಜೊತೇಲಿರು."

ಹುಲ್ಲಿಗೆ ಬೆಂಕಿ ಇಟ್ಟಳು. ಉರಿ ಮೊಣಕಾಲಿನಷ್ಟೂ ಏಳಲಿಲ್ಲ. ಅದು ತಗ್ಗುವವರೆಗೆ ಕಾದು, ಬರಿಗಾಲಲ್ಲಿ ಅವಳೇ ಮೊದಲು ದಾಟಿದಳು. ಎತ್ತಿಗೆ ಕಾಣಲಿ ಎಂದು ತಿರುಗಿ ಈಚೆ ಬಂದಳು. ಎಡದೆತ್ತು ನಾಲ್ಕೂ ಕಾಲು ನೆಲಕ್ಕೆ ಊರಿ ನಿಂತಿತ್ತು. ಅವಳು ಎಳೆಯಲಿಲ್ಲ, ಗದರಲಿಲ್ಲ. ಹುಲ್ಲು ಉರಿದು ಬೂದಿಯಾಯಿತು. ಮತ್ತೆ ಹರಡಿದಳು, ಮತ್ತೆ ಹಚ್ಚಿದಳು, ಮತ್ತೆ ದಾಟಿದಳು. ಅದೂ ಬೂದಿಯಾಯಿತು. ಬೇಲಿಯಾಚೆ ಹತ್ತಾರು ಮಂದಿ ಸೇರಿದ್ದರು. ಯಾರೋ "ಟೀಚರಮ್ಮನೂ ಎತ್ತು ಇಡ್ಕಂಡವ್ಳೆ ನೋಡ್ಲಾ" ಎಂದು ನಕ್ಕದ್ದು ಕೇಳಿಸಿತು. ನಾನು ಹಗ್ಗ ಬಿಡಲಿಲ್ಲ.

ಮೂರನೆಯ ಸಲ ಹುಲ್ಲು ಹರಡುವಾಗ ಬೇಲಿ ದಾಟಿ ಮಗ ಬಂದ. ಹಗ್ಗಕ್ಕೆ ಕೈ ಚಾಚಿದ. ದೊಡ್ಡವ್ವ ಕೊಡಲಿಲ್ಲ. ಅವನು ಚಪ್ಪಲಿ ಬಿಟ್ಟು, ಎತ್ತಿನ ಆ ಸುಟ್ಟ ಮಗ್ಗುಲಿಗೆ ಹೋಗಿ ತನ್ನ ಮೈಯನ್ನು ಅದಕ್ಕೆ ಒತ್ತಿ ನಿಂತುಕೊಂಡ. ಉರಿ ಏನಾದರೂ ಈ ಕಡೆಗೆ ವಾಲಿದರೆ ಮೊದಲು ತಗಲುವುದು ಅವನ ಕಾಲಿಗೆ. ದೊಡ್ಡವ್ವ ಹುಲ್ಲಿಗೆ ಬೆಂಕಿ ಇಟ್ಟು ಅವನ ಮುಖ ನೋಡಿದಳು. "ಬಾ ನನ್ನಪ್ಪ" ಎಂದಳು. ಎತ್ತಿಗೆ ಹೇಳಿದಳೋ ಮಗನಿಗೆ ಹೇಳಿದಳೋ ನನಗೆ ಗೊತ್ತಾಗಲಿಲ್ಲ.

ಎಡದೆತ್ತು ಒಂದು ಕಾಲು ಎತ್ತಿಟ್ಟಿತು. ನಿಂತಿತು. ಇನ್ನೊಂದು ಇಟ್ಟಿತು... ನೆಗೆಯಲಿಲ್ಲ, ಓಡಲಿಲ್ಲ. ಕುಂಟೆ ಹೊಡೆಯಲು ಗದ್ದೆಗೆ ಇಳಿಯುವ ಹಾಗೆ ನಿಧಾನವಾಗಿ ಆ ಸಣ್ಣ ಉರಿಯನ್ನು ಕಾಲಡಿಗೆ ಹಾಕಿಕೊಂಡು ನಡೆದುಹೋಯಿತು. ಅದರ ಹಿಂದೆಯೇ ಬಲದೆತ್ತಿನ ಜೊತೆ ನಾನೂ ದಾಟಿದೆ. ಆಚೆ ಹೋದ ಮೇಲೆ ನೋಡುತ್ತೇನೆ, ಮಗ ಎತ್ತಿನ ಕುತ್ತಿಗೆಗೆ ಮುಖ ಒತ್ತಿ ಅಳುತ್ತಿದ್ದ. ದೊಡ್ಡವ್ವ ಅವನ ಬೆನ್ನಿಗೆ ಒಂದು ಗುದ್ದಿದಳು. "ಏಳ್ಲಾ, ಪೊಂಗ್ಲು ಆರೋಯ್ತದೆ."

ಅವತ್ತು ಬಯಲಿನ ಕಿಚ್ಚು ಬಿಟ್ಟು ತಮ್ಮ ಹಸುಗಳನ್ನು ಮೊದಲು ಕಣಕ್ಕೆ ಹೊಡೆದುಕೊಂಡು ಬಂದವರು ಡೈರಿಯ ಮುಂದೆ ನಕ್ಕಿದ್ದ ಅದೇ ಯಜಮಾನರು. ದೊಡ್ಡವ್ವ ಒಂದೂ ಚುಚ್ಚುಮಾತು ಆಡದೆ ಅವರಿಗೂ ಹುಲ್ಲು ಹರಡಿಕೊಟ್ಟಳು. ಮರುವರ್ಷದಿಂದ ನಮ್ಮೂರ ಕಿಚ್ಚು ಆ ಕಣದಲ್ಲೇ, ಅದಕ್ಕೆ ಬರೀ ಹುಲ್ಲು. ಪಕ್ಕದೂರಿನವರು "ನಿಮ್ಮೂರ ಕಿಚ್ಚು ಬೀಡಿ ಅಚ್ಚಕ್ಕೂ ಸಾಲ್ದು" ಎಂದು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮೂರಲ್ಲಿ ಆಮೇಲೆ ಒಂದು ದನಕ್ಕೂ ಬೆಂಕಿ ತಗಲಿಲ್ಲ ಎಂದು ನಾನು ಎದೆಯುಬ್ಬಿಸಿಯೇ ಹೇಳುತ್ತೇನೆ. ಎಲ್ಲೆಲ್ಲಿ ಸಂಕ್ರಾಂತಿಯ ಮಾತು ಬರುತ್ತದೋ ಅಲ್ಲೆಲ್ಲ, ಮಳವಳ್ಳಿಯ ಶಾಲೆಯ ಮಕ್ಕಳ ಮುಂದೆಯೂ, ಇದನ್ನು ಹೇಳಿದ್ದೇನೆ. ಓದು ಬರಹ ಬಾರದ ಹೆಂಗಸೊಬ್ಬಳು ಊರಿನ ಹಬ್ಬವನ್ನು ಅದರ ನಿಜವಾದ ಒಡೆಯರಿಗೆ ವಾಪಸು ಕೊಡಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಎಡದೆತ್ತು ಮುದಿಯಾಗಿ ಅವಳ ಕೊಟ್ಟಿಗೆಯಲ್ಲೇ ಸತ್ತಿತು. ಅದಾದ ಎರಡು ವರ್ಷಕ್ಕೆ ದೊಡ್ಡವ್ವನೂ ಹೋದಳು. ಜ್ವರ ಎಂದು ಮಲಗಿದವಳು ನಾಲ್ಕನೆಯ ದಿನ ಏಳಲಿಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು...

ಅಂಗಡಿಯಿಂದ ಮನೆಗೆ ಬಂದ ಮಾರನೆಯ ದಿನವೇ ಹಬ್ಬ. ಈಗ ಊರಲ್ಲಿ ಎತ್ತು ಕಡಿಮೆ, ಹಾಲಿನ ಹಸುಗಳೇ ಹೆಚ್ಚು. ಸಂಜೆ ಕಣಕ್ಕೆ ಹೋದಾಗ ದೊಡ್ಡವ್ವನ ಮಗ ಒಂದು ಹೊರೆ ಹುಲ್ಲು ತಂದು ನನ್ನ ಮುಂದಿಟ್ಟ.

"ಈ ಸಲ ನೀವೇ ಅರುಡಿ ಅತ್ಗೆ. ಅವ್ವನ ಜೊತೇಲಿದ್ದೋರು ನೀವೇ."

ಸೆರಗು ಸಿಕ್ಕಿಸಿ ಹರಡಿದೆ. ಹರಡಿ ಎದ್ದು ನಿಂತು ನೋಡಿದೆ. ಹಸುಗಳು ಕಾಯುತ್ತಿದ್ದವು, ಜನರೂ ಕಾಯುತ್ತಿದ್ದರು. ಸರಿಯಾಯಿತೋ ಇಲ್ಲವೋ ಎಂದು ಕೇಳಲು ತಿರುಗಿದೆ. ಕೇಳಬೇಕಾದವಳು ಅಲ್ಲಿರಲಿಲ್ಲ. ಹುಲ್ಲು ಒಂಚೂರು ಹೆಚ್ಚಾಗಿದೆ ಎನ್ನಿಸಿತು. ನಾನೇ ಬಗ್ಗಿ ಅರ್ಧ ತೆಗೆದೆ.