ಒಲೆ ಯಾವ ಇಲಾಖೆಗೆ ಸೇರಿದ್ದು?

ಕುಣಿಗಲ್ಲಿನಿಂದ ತುಮಕೂರಿಗೆ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಒಂದು ಕತ್ತರಿ, ಒಂದು ಅಳತೆ ಟೇಪು, ಬಾಳೆಲೆಯ ಮೇಲೆ ಹಳೆಯ ಪೇಪರು ಸುತ್ತಿದ ಚಿತ್ರಾನ್ನ ಇದ್ದವು. ತಗಡಿನ ಕೆಲಸದವನು ಕತ್ತರಿ ಇಲ್ಲದೆ ಊರು ಬಿಡುವುದಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಟಿಕೆಟ್ಟಿಗೆ ಮೂರು ರೂಪಾಯಿ ಚಿಲ್ಲರೆ, ದಾರಿ ಮೂವತ್ತೈದು ಕಿಲೋಮೀಟರಿನಷ್ಟು. ನನ್ನ ಪಕ್ಕದ ಕಿಟಕಿಗೆ ಗಾಜಿರಲಿಲ್ಲ. ಹೆಬ್ಬೂರು ಬರುವ ತನಕ ಚಳಿ ಕಿವಿ ಕಚ್ಚುತ್ತಲೇ ಇತ್ತು.

ನಾನು ಹೊರಟಿದ್ದು ಒಂದು ಪುಸ್ತಕ ಹುಡುಕಿಕೊಂಡು. ನನ್ನ ಹೆಂಡತಿ ಜಮೀಲಾ ಗುಬ್ಬಿಯ ತವರುಮನೆಯಲ್ಲಿದ್ದಳು. ಅಡುಗೆಮನೆಯ ಹೊಗೆ ಅವಳ ಎದೆಗೆ ಕೂತು ಎರಡು ವರ್ಷವಾಗಿತ್ತು. ತುಮಕೂರಿನ ಬಟವಾಡಿಯ ಡಾಕ್ಟರು, “ಔಷಧಿ ನಾನು ಕೊಡ್ತೀನಿ, ಹೊಗೆ ನೀವು ತೆಗೀರಿ” ಅಂದಿದ್ದರು. ತೆಗೆಯುವುದೇನು ಸುಲಭವೆ? ಗ್ಯಾಸು ನಮ್ಮ ಬೀದಿಯಲ್ಲಿ ಯಾರ ಮನೆಗೂ ಬಂದಿರಲಿಲ್ಲ. ಸೀಮೆಎಣ್ಣೆ ರೇಷನ್ನಿನಲ್ಲಿ ಸಿಗುತ್ತಿದ್ದುದು ದೀಪಕ್ಕೇ ಸಾಲದು.

ಹೊಗೆ ಬಾರದ ಒಲೆ ಅಂತ ಒಂದು ಬಂದಿದೆ, ಮಣ್ಣಿನ ಒಲೆಗೆ ತಗಡಿನ ಕೊಳವೆ ಇಟ್ಟರೆ ಹೊಗೆಯೆಲ್ಲ ಚಾವಣಿ ದಾಟಿ ಹೋಗುತ್ತದೆ ಎಂದು ಯಾರೋ ಹೇಳಿದರು. ತಗಡು ಅಂದ ಮೇಲೆ ನನಗೆ ಯಾರು ಪಾಠ ಹೇಳಬೇಕು! ಹೊಸದಾಗಿ ಮಣ್ಣಿನ ಒಲೆ ಕಟ್ಟಿ, ಅಂಗಡಿಯಲ್ಲಿದ್ದ ಒಳ್ಳೆ ತಗಡಿನ ಹಾಳೆ ಸುತ್ತಿ, ತೊಡೆ ಗಾತ್ರದ ಕೊಳವೆ ಮಾಡಿ ನಿಲ್ಲಿಸಿದೆ. ಕೊಳವೆ ದೊಡ್ಡದಾದಷ್ಟೂ ಹೊಗೆ ಬೇಗ ಹೋಗುತ್ತದೆ ಎಂಬುದು ನನ್ನ ಲೆಕ್ಕ. ಹೊಗೆಯ ಹಿಂದೆಯೇ ಶಾಖವೂ ಹೊರಟುಹೋಯಿತು. ಹೊರೆ ಸೌದೆ ಸುಟ್ಟರೂ ಮುದ್ದೆಯ ಎಸರು ಕುದಿಯಲಿಲ್ಲ. ಮೂರನೆಯ ದಿನ ಜಮೀಲಾ ಮತ್ತೆ ಹಳೆಯ ಮೂರು ಕಲ್ಲಿನ ಒಲೆಗೇ ಕೂತಳು, ಮತ್ತೆ ಕೆಮ್ಮಿದಳು. ಅವಳ ತಮ್ಮ ಅನ್ವರ್ ಬಂದವನು ಇದನ್ನು ನೋಡಿ ಕೆಂಡವಾದ. “ಭಾವ, ನೆಟ್ಟಗೆ ಒಲೆ ಆಗೋವರ್ಗೂ ಅಕ್ಕನ್ನ ಕಳಿಸಲ್ಲ, ಬುಡಿ” ಎಂದು ಕರೆದುಕೊಂಡೇ ಹೋದ. ನನಗೆ ಸಿಟ್ಟು ಬಂತು, ಆದರೆ ತಪ್ಪು ನನ್ನ ಕೊಳವೆಯದೇ. ತಿಂಗಳು ಕಳೆಯಿತು. ಮನೆ ಬಿಕೋ ಅನ್ನುತ್ತಿತ್ತು. ಆಗ ಬಕೆಟ್ಟಿಗೆ ತಳ ಹಾಕಿಸಲು ಬಂದ ಗ್ರಾಮಸೇವಕರೊಬ್ಬರು, “ಏನ್ ಮಾರಾಯ, ಅದ್ರ ಅಳತೆಗೆ ಗೌರ್ಮೆಂಟ್ನೋರೇ ಬುಕ್ಕು ಮಾಡವ್ರೆ, ತುಮಕೂರ್ ಲೈಬ್ರರೀಲಿ ನೋಡು” ಅಂದರು. ಮರುದಿನವೇ ಬಸ್ಸು ಹತ್ತಿದೆ.

ತುಮಕೂರಿನಲ್ಲಿ ಬಿಸಿಲು ಏರಿತ್ತು. ಲೈಬ್ರರಿಯ ಮುಂದಿನ ಕೋಣೆಯಲ್ಲಿ ಪೇಪರು ಓದುವವರು ತುಂಬಿದ್ದರು. ಒಬ್ಬರು ಓದುತ್ತಲೇ ನಿದ್ದೆ ಹೋಗಿದ್ದರು. ಒಳಗೆ ಮೇಜಿನ ಹಿಂದೆ ಗ್ರಂಥಪಾಲಕಿ ವನಜಾಕ್ಷಿಯಮ್ಮ. ಕೇಳಲು ಸಂಕೋಚವಾಗಿ ನಾನೇ ಹುಡುಕಲು ಹೋದೆ. ಒಲೆ ಅಂದ ಮೇಲೆ ಅಡುಗೆಯ ಕಪಾಟು ತಾನೆ? ಮೈಸೂರುಪಾಕು ಮಾಡುವ ಬಗೆ ನಾಲ್ಕು ಪುಸ್ತಕದಲ್ಲಿತ್ತು. ಒಲೆ ಒಂದರಲ್ಲೂ ಇರಲಿಲ್ಲ.

“ಏನ್ ಬೇಕಿತ್ತು?” ಎಂದು ಕೊನೆಗೆ ಅವರೇ ಕೇಳಿದರು. ಹೇಳಿದೆ.

“ಸರ್ಕಾರಿ ಪುಸ್ತಕಾನಾ? ಅಯ್ಯೋ, ಅದಕ್ಕೆ ಹಿಂದಿನ ಕೋಣೆ ಇದೆ ಬನ್ನಿ. ಅಲ್ಲಿ ವಿಷಯ ನೋಡಿ ಹುಡುಕಿದ್ರೆ ಸಿಗಲ್ಲ, ಬರೆದೋರ ಹೆಸರು ಹೇಳಿದ್ರೂ ಸಿಗಲ್ಲ. ಯಾವ ಇಲಾಖೆ ಅಚ್ಚು ಹಾಕ್ಸಿದೆಯೋ ಆ ಇಲಾಖೆ ಗೂಡಲ್ಲಿ ಇಟ್ಟಿರ್ತೀವಿ. ನಿಮ್ಮದು ಯಾವ ಇಲಾಖೆ?”

“ಒಲೆಗೆ ಯಾವ ಇಲಾಖೆ ಮೇಡಂ? ಒಲೆ ಹೆಂಗಸರ ಇಲಾಖೆ” ಅಂದೆ. ಅವರು ನಕ್ಕುಬಿಟ್ಟರು.

ಇಬ್ಬರೂ ಹುಡುಕಿದೆವು. ಕೆಮ್ಮು ಅಂದರೆ ಆರೋಗ್ಯ ಎಂದು ಅಲ್ಲಿ ನೋಡಿದರೆ ಸೊಳ್ಳೆ, ಸಿಡುಬು, ಕುಟುಂಬ ಯೋಜನೆ. ಹಳ್ಳಿಯ ವಿಷಯ ಎಂದು ಕೃಷಿಯಲ್ಲಿ ನೋಡಿದರೆ ತೆಂಗಿಗೆ ಬೀಳುವ ಹುಳು. ತಗಡು ಎಂದು ಕೈಗಾರಿಕೆಯಲ್ಲಿ ನೋಡಿದರೆ ಬೆಂಕಿಪೊಟ್ಟಣ ಮಾಡುವ ಕಸುಬು! ಅದನ್ನೆಲ್ಲ ಪುಕ್ಕಟೆ ಓದಬಹುದು ಎಂದು ನಮ್ಮ ಬೀದಿಯವರಿಗೆ ಯಾರೂ ಹೇಳಿರಲಿಲ್ಲ. ಆದರೆ ನನಗೆ ಬೇಕಾದ್ದು ಮಾತ್ರ ಇಲ್ಲ. ಬರಿಗೈಲಿ ಗುಬ್ಬಿಗೆ ಹೋಗಿ ಅನ್ವರನ ಮುಖ ಹೇಗೆ ನೋಡುವುದು?

ವನಜಾಕ್ಷಿಯಮ್ಮ ಸೆರಗಿನಿಂದ ಧೂಳು ಒರೆಸಿಕೊಂಡು ಕೇಳಿದರು, “ಈ ಒಲೆಯಿಂದ ಹೊಗೆ ಕಮ್ಮಿ ಆಗತ್ತೆ, ಸರಿ. ಇನ್ನೇನು ಕಮ್ಮಿ ಆಗತ್ತೆ?”

“ಸೌದೆ ಕಮ್ಮಿ ಆಗ್ತದೆ ಅಂತಾರೆ.”

“ಸೌದೆ ಅಂದ್ರೆ ಕಾಡು ಕಣ್ರೀ!” ಎಂದವರೇ ಅರಣ್ಯ ಇಲಾಖೆಯ ಗೂಡಿಗೆ ಕೈ ಹಾಕಿದರು. ನೀಲಗಿರಿ ಸಸಿಯ ಪುಸ್ತಕಗಳ ನಡುವೆ ಹಸಿರು ರಟ್ಟಿನ ತೆಳ್ಳನೆಯ ಒಂದು ಪುಸ್ತಕ. ಮೊದಲ ಹಾಳೆಯಿಂದಲೇ ಮರ, ಮರ, ಮರ. ಕೆಮ್ಮಿನ ಮಾತು ಎಲ್ಲೂ ಇಲ್ಲ. ಅವರಿಗೆ ಮರದ ಚಿಂತೆ, ನನಗೆ ಜಮೀಲಾಳ ಚಿಂತೆ. ಆದರೆ ನಡುವಿನ ಹಾಳೆಯಲ್ಲಿ ಒಲೆಯ ಚಿತ್ರ, ಬಾಯಿಯ ಅಳತೆ, ಪಾತ್ರೆ ಕೂರುವ ಗುಂಡಿಯ ಅಳತೆ, ಕೊಳವೆಯ ಅಳತೆ. ಕೊಳವೆ ನಾಲ್ಕು ಬೆರಳಗಲವೂ ಇರಲಿಲ್ಲ. ಅಲ್ಲೇ ನನ್ನ ಹಣೆ ಚಚ್ಚಿಕೊಂಡೆ.

ಆ ಪುಸ್ತಕ ಮನೆಗೆ ಕೊಡುವಂತಿಲ್ಲ, ಅಲ್ಲೇ ನೋಡಬೇಕು. ನಮ್ಮ ಕಸುಬಿನಲ್ಲಿ ಅಳತೆ ಬರೆದುಕೊಳ್ಳುವ ಅಭ್ಯಾಸವಿಲ್ಲ. ಪೇಪರಿನಲ್ಲಿ ಅಚ್ಚು ಕತ್ತರಿಸಿ, ಅದನ್ನು ತಗಡಿನ ಮೇಲಿಟ್ಟು ಗೀಟು ಎಳೆಯುತ್ತೇವೆ. ಚಿತ್ರಾನ್ನ ತಿಂದಾಗ ಮಡಿಸಿಟ್ಟಿದ್ದ ಪೇಪರು ಬಿಡಿಸಿ, ಟೇಪು ಹಿಡಿದು, ಕತ್ತರಿ ತೆಗೆದೆ. ಕಚಕ್ ಅಂದದ್ದೇ ತಡ, ವನಜಾಕ್ಷಿಯಮ್ಮ ಓಡಿ ಬಂದರು. “ರೀ ರೀ ರೀ! ಲೈಬ್ರರಿ ಒಳಗೆ ಕತ್ತರೀನಾ? ಪುಸ್ತಕ ಕುಯ್ತಿದ್ದೀರಾ?”

“ನನ್ನ ಪೇಪರ್ ಮೇಡಂ! ಚಿತ್ರಾನ್ನದ್ದು!” ಎಂದು ಎತ್ತಿ ತೋರಿಸಿದೆ. ಅರಿಶಿನದ ಕಲೆ ನೋಡಿ ಅವರಿಗೆ ನಂಬಿಕೆ ಬಂತು. ಆಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿದು ನಿಂತರು. “ಶೆಟ್ಟಿಹಳ್ಳೀಲಿ ನಮ್ಮನೇಲೂ ಸೌದೆ ಒಲೇನೇ. ನಿಮ್ಮದು ಚೆನ್ನಾಗಿ ಉರಿದ್ರೆ ಬಂದು ಹೇಳಿ” ಅಂದರು.

ಸಂಜೆ ರೈಲಿಗೆ ಗುಬ್ಬಿಗೆ ಹೋದೆ. ಹೆಚ್ಚು ದೂರವಿಲ್ಲ, ನಿಂತುಕೊಂಡೇ ಹೋದೆ. ಅಚ್ಚುಗಳು ಮುದುಡದಂತೆ ಅಂಗಿಯೊಳಗೆ ಇಟ್ಟುಕೊಂಡಿದ್ದೆ. ಅನ್ವರ್ ಬಾಗಿಲಲ್ಲೇ, “ಬರೀ ಪೇಪರ್ ತಂದಿದೀರಾ ಭಾವ?” ಎಂದು ಕೆಣಕಿದ. ನಡುಮನೆಯಲ್ಲಿ ಅಚ್ಚುಗಳನ್ನು ಹರಡಿದೆ. ಜಮೀಲಾ ಬಂದು ಕುಕ್ಕರಗಾಲಲ್ಲಿ ಕೂತು ನೋಡಿದಳು. ಮುಖದಲ್ಲಿ ಸ್ವಲ್ಪ ಗೆಲುವಿತ್ತು. ಹೊಗೆ ತಾಗಬಾರದೆಂದು ಅನ್ವರನ ಹೆಂಡತಿ ಅವಳನ್ನು ಅಡುಗೆಮನೆಗೆ ಬಿಟ್ಟಿರಲಿಲ್ಲ. ನಾವಿಬ್ಬರೂ ಮನೆಯಲ್ಲಿ ಆಡುವುದು ಉರ್ದು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಇದು ಎಷ್ಟು ಎತ್ತರ?” ಎಂದು ಕೇಳಿದಳು. ಮೊಣಕಾಲೆತ್ತರ ಅಂದೆ.

“ಈ ಪುಸ್ತಕ ಬರೆದೋರು ಅನ್ನ ಉಣ್ಣೋರು ಕಣ್ರೀ. ಮುದ್ದೆ ತಿರುವೋಕೆ ಪಾತ್ರೆಗೆ ಕವೆಗೋಲು ಕೊಟ್ಟು ಕಾಲಲ್ಲಿ ಅದುಮಬೇಕಲ್ಲ? ಅಷ್ಟು ಎತ್ತರಕ್ಕೆ ಕಾಲು ಎಲ್ಲಿಂದ ತರೋಣ? ಒಲೆಯ ಅರ್ಧ ನೆಲದೊಳಗೆ ಇಳಿಸಿ. ಬಾಯಿ, ಕೊಳವೆ ಮಾತ್ರ ಪುಸ್ತಕದ ಹಂಗೇ ಇರಲಿ.”

ಕವೆಗೋಲು ಎಂದರೆ ಪಾತ್ರೆ ಗಿರ್ರನೆ ತಿರುಗದಂತೆ ತಡೆಯುವ ಕವಲುಕೋಲು. ಅದಕ್ಕೆ ಕಾಲು ಎಟುಕಬೇಕು ಎಂಬುದು ನನಗೂ ಹೊಳೆದಿರಲಿಲ್ಲ, ಪುಸ್ತಕಕ್ಕೂ ಹೊಳೆದಿರಲಿಲ್ಲ. ಅನ್ವರನ ಮನೆಯಲ್ಲೇ ಮೊದಲು ಕಟ್ಟಿ ನೋಡೋಣ ಎಂದಾಯಿತು. ನೆಲ ಅಗೆದು, ಸೌದೆ ತಳ್ಳಲು ಒಲೆಯ ಬಾಯಿಯ ಮುಂದೆ ತಗ್ಗು ತೋಡಿದ್ದು ಅನ್ವರ್, ಮಣ್ಣಿಗೆ ಹೊಟ್ಟು ಕಲಸಿ ತುಳಿದದ್ದು ನಾನು, ಗುಬ್ಬಿಯ ಅಂಗಡಿಯಲ್ಲಿ ತಗಡು ಕೊಂಡು ಕೊಳವೆ ಸುತ್ತಿ ಹಿತ್ತಲ ಕಡೆಗೆ ಹೊರಡಿಸಿದ್ದೂ ನಾನು. ಪ್ರತಿ ಹಂತಕ್ಕೂ ಜಮೀಲಾ ಅಚ್ಚು ಹಿಡಿದು ಅಳೆದಳು, ಬೈದಳು, ಮತ್ತೆ ಅಳೆಸಿದಳು. ಮಣ್ಣು ಒಣಗುವ ತನಕ ಅಲ್ಲೇ ಉಳಿದೆ. ಆ ದಿನಗಳಷ್ಟು ದಿಗಿಲು ನನಗೆ ಮದುವೆಯಲ್ಲೂ ಆಗಿರಲಿಲ್ಲ.

ಕೊನೆಗೆ ಒಂದು ಮಧ್ಯಾಹ್ನ ಅವಳೇ ಬೆಂಕಿ ಹಚ್ಚಿದಳು. ಸೌದೆ ಚಟಪಟ ಅಂತು. ನಾವೆಲ್ಲ ಬಾಗಿಲಲ್ಲಿ ನಿಂತಿದ್ದೆವು, ಕೆಮ್ಮು ಬಂದರೆ ಎಳೆದುಕೊಂಡು ಬರಲು. ಎಸರು ಕುದಿಯಿತು. ಹಿಟ್ಟು ಬಿತ್ತು. ಅವಳು ಕವೆಗೋಲು ಅದುಮಿ, ಎರಡು ಕೈಲಿ ಕೋಲು ಹಿಡಿದು ತಿರುವಿದಳು. ಕೋಣೆಯ ಮೂಲೆಯಲ್ಲಿ ನೇತುಹಾಕಿದ್ದ ಬೆಳ್ಳುಳ್ಳಿ ಗೊಂಚಲು ಬಾಗಿಲಿನಿಂದಲೇ ನಿಚ್ಚಳವಾಗಿ ಕಾಣುತ್ತಿತ್ತು.

ಅಷ್ಟರಲ್ಲಿ ಎದುರುಮನೆಯ ಗೌರಮ್ಮ ತಟ್ಟೆಗೆ ಸೆರಗು ಮುಚ್ಚಿಕೊಂಡು ಒಳಗೆ ಬಂದರು. “ಏನವ್ವಾ, ಹಂಚಿನ ಸಂದೀಲಿ ಹೊಗೇನೇ ಕಾಣ್ನಿಲ್ಲ. ಒಲೆ ಹಚ್ಚಿಲ್ವೇನೋ, ಮನೇಲಿ ಯಾರಿಗೋ ಹುಷಾರಿಲ್ವೇನೋ ಅಂತ ರೊಟ್ಟಿ ತಂದೆ” ಅಂದರು. ಆಮೇಲೆ ಉರಿಯುವ ಒಲೆಯನ್ನೂ ಬಿಸಿ ಮುದ್ದೆಯನ್ನೂ ನೋಡಿ ಬಾಯಿ ಬಿಟ್ಟುಕೊಂಡು ನಿಂತರು. ಜಮೀಲಾ ನಕ್ಕಳು. ಎರಡು ವರ್ಷದಿಂದ ಅವಳ ಪ್ರತಿ ನಗೆಯೂ ಅರ್ಧದಲ್ಲೇ ಕೆಮ್ಮಾಗುತ್ತಿತ್ತು. ಇದು ಆಗಲಿಲ್ಲ. ನಕ್ಕಳು, ಗೌರಮ್ಮನ ಭುಜ ಹಿಡಿದುಕೊಂಡು ಮತ್ತೂ ನಕ್ಕಳು. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಮರುದಿನ ಅನ್ವರ್ ತಾನೇ ಅಕ್ಕನ ಚೀಲ ಹೊತ್ತು ಬಸ್ಸಿಗೆ ಹತ್ತಿಸಿದ. ತುಮಕೂರಿನಲ್ಲಿ ಇಳಿದು ವನಜಾಕ್ಷಿಯಮ್ಮನಿಗೆ ಸುದ್ದಿ ಹೇಳಿದೆವು. ಅವರು ತಮ್ಮ ಮನೆಗೂ ಒಲೆ ಕಟ್ಟಿಕೊಡಲು ಭಾನುವಾರ ಶೆಟ್ಟಿಹಳ್ಳಿಗೆ ಬರಲೇಬೇಕು ಎಂದು ಮಾತು ತೆಗೆದುಕೊಂಡರು.

ಕುಣಿಗಲ್ ಮುಟ್ಟಿದಾಗ ಸಂಜೆ. ನಾನು ಬೀಗ ತೆಗೆದು, ಸ್ವಲ್ಪ ಹೊತ್ತು ಮಲಗು ಅಂದೆ. ಜಮೀಲಾ ಚೀಲ ಹೊಸ್ತಿಲ ಬಳಿ ಇಟ್ಟು ನೆಟ್ಟಗೆ ಅಡುಗೆಮನೆಗೆ ಹೋದಳು. ಮೂಲೆಯಲ್ಲಿದ್ದ ಹಾರೆ ತೆಗೆದುಕೊಂಡು ನಾನು ಮೊದಲು ಕಟ್ಟಿದ್ದ ದಪ್ಪ ಕೊಳವೆಯ ಒಲೆಗೆ ಒಂದೇಟು ಹಾಕಿದಳು.

“ನಿಂತ್ಕೊಂಡು ಏನ್ ನೋಡ್ತೀರಾ,” ಅಂದಳು, “ಮಣ್ಣು ಕಲಸ್ರೀ.”