ತೊಳೆದ ಗಾಡಿ ಸುಳ್ಳು ಹೇಳಿತು

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊನ್ನಾವರದಿಂದ ಕುಮಟಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಹಳೆಯ ಬಿಳಿ ಓಮ್ನಿಯೊಂದು ಹೊರಟಿದೆ. ಸ್ಟೇರಿಂಗ್ ಹಿಂದೆ ಕೂತ ತಿಮ್ಮಪ್ಪ ಅಂಬಿಗರು ಎರಡೂ ಕೈಗಳನ್ನು ಅದರಿಂದ ಒಂದು ಬೆರಳಿನಷ್ಟು ದೂರ ಹಿಡಿದಿದ್ದಾರೆ, ಒಲೆಯ ಮುಂದೆ ಚಳಿ ಕಾಯಿಸುವವರ ಹಾಗೆ. ಗಾಡಿ ಅತ್ತಿತ್ತ ಹೊರಳದೆ ನೇರ ಹೋಗುತ್ತಿದೆ. ಬೇರೆ ಯಾರಾದರೂ ಆಗಿದ್ದರೆ ಖುಷಿಪಡುತ್ತಿದ್ದರು. ತಿಮ್ಮಪ್ಪನವರು ಕೆಳತುಟಿ ಕಚ್ಚಿ, ಗಾಡಿ ತಿರುಗಿಸಿ, ಅದೇ ರಸ್ತೆಯಲ್ಲಿ ಮತ್ತೆ ಬರುತ್ತಾರೆ. ಇದು ಎಡಕ್ಕೆ ಎಳೆಯುತ್ತದೆ ಎಂದು ಇದರ ಒಡತಿ ಆಣೆ ಮಾಡಿ ಹೇಳಿದ್ದಾರೆ. ಅವರ ಮುಂದೆ ಎಳೆಯುವ ಗಾಡಿ ಇವರ ಮುಂದೆ ಸಾಧುವಾಗುತ್ತದೆ.

ಎಡಕ್ಕೋ ಬಲಕ್ಕೋ ಜಗ್ಗುವ ಕಾರುಗಳ ಕಾಯಿಲೆ ಹುಡುಕುವುದೇ ತಿಮ್ಮಪ್ಪನವರ ಕಸುಬು. ಹೊನ್ನಾವರ ಪೇಟೆ ದಾಟಿದ ಮೇಲೆ ಹೆದ್ದಾರಿ ಬದಿಗೆ ತಗಡಿನ ಶೆಡ್ಡು, ಬೋರ್ಡಿಲ್ಲ. ಭಟ್ಕಳದಿಂದ ಕುಮಟಾವರೆಗಿನ ಚಾಲಕರಿಗೆ ಅದು ಬೇಕಾಗಿಯೂ ಇಲ್ಲ. ದಿನಕ್ಕೆ ಏಳೆಂಟು ಗಾಡಿ ಬರುತ್ತವೆ, ಒಂದೊಂದರ ದೂರಿಗೂ ಒಂದೊಂದು ರಾಗ. ಭಟ್ಕಳದ ಬಟ್ಟೆ ವ್ಯಾಪಾರಿ ಮೂಗಿನಲ್ಲೇ ಶುರು ಮಾಡುತ್ತಾರೆ: "ಭಾಯ್, ಇದು ರಸ್ತೆ ಬಿಟ್ಟು ಗದ್ದೆ ನೋಡ್ತದೆ." ಓಂ ಬೀಚಿಗೆ ಬಾಡಿಗೆ ಹೊಡೆಯುವ ಟ್ಯಾಕ್ಸಿಯವನಿಗೆ ಮಾತೇ ಬೇಡ, ಗಂಟಲಲ್ಲೇ ಚಕ್ರ ತಿರುಗಿಸಿ ಗೊರಗೊರ ಅನ್ನಿಸುತ್ತಾನೆ. ನಿವೃತ್ತ ಮೇಷ್ಟರೊಬ್ಬರು ತಮ್ಮ ಕಾರಿಗೆ ಈ ವಯಸ್ಸಿನಲ್ಲಿ ಎಡಪಂಥ ಹಿಡಿದಿದೆ ಎಂದು ದೂರಿಕೊಂಡಿದ್ದರು. ಇವರೆಲ್ಲರ ಅಣಕವನ್ನೂ ತಿಮ್ಮಪ್ಪನವರು ಚಹಾ ಕುಡಿಯುತ್ತ ಮಾಡಿ ತೋರಿಸುತ್ತಾರೆ. ಕುಡಿಯುತ್ತ ಎಂದದ್ದು ತಪ್ಪು. ಒಂದು ಗುಟುಕಾದ ಮೇಲೆ ಎದ್ದು ಹೋಗಿ ಯಾವುದೋ ಟೈರು ತಟ್ಟುತ್ತಾರೆ, ಬಂದು ಕೂರುತ್ತಾರೆ, ಮತ್ತೆ ಏಳುತ್ತಾರೆ. ಅವರು ಬಿಸಿ ಚಹಾ ಮುಗಿಸಿದ್ದನ್ನು ಪಕ್ಕದ ಗೂಡಂಗಡಿಯ ರೇಖಾ ಈವರೆಗೆ ಕಂಡಿಲ್ಲವಂತೆ.

ಕೆಲಸದಲ್ಲಿ ಮಾತ್ರ ಒಂದು ಕ್ರಮವಿದೆ. ಮೊದಲು ಗಾಳಿ. ಆಮೇಲೆ ಮುಂದಿನ ಎರಡು ಟೈರುಗಳನ್ನು ಅದಲುಬದಲು ಮಾಡುವುದು: ಎಳೆತವೂ ಬದಿ ಬದಲಿಸಿದರೆ ಕಳ್ಳ ಟೈರೇ. ಬದಲಿಸದಿದ್ದರೆ ಸ್ವಲ್ಪ ದೂರ ಓಡಿಸಿ ಇಳಿದು, ಒಂದೊಂದು ಚಕ್ರದ ಹತ್ತಿರವೂ ಅಂಗೈಯ ಹಿಂಬದಿ ಹಿಡಿಯುವುದು. ಉಳಿದವಕ್ಕಿಂತ ಬಿಸಿಯಿದ್ದ ಚಕ್ರದಲ್ಲಿ ಬ್ರೇಕು ಕಚ್ಚಿಕೊಂಡಿರುತ್ತದೆ. ಮಳೆನೀರು ಇಳಿದುಹೋಗಲೆಂದು ನಮ್ಮ ರಸ್ತೆಗಳು ಅಂಚಿಗೆ ವಾಲಿರುವುದನ್ನೂ ಅವರು ಲೆಕ್ಕಕ್ಕೆ ಹಿಡಿಯುತ್ತಾರೆ. "ಗಾಡಿಗೆ ಬೈಯೋ ಮುಂಚೆ ರಸ್ತೆ ನೋಡೂಕೆ ಬೇಕು" ಎನ್ನುತ್ತಾರೆ.

ಈ ಎಲ್ಲ ಪರೀಕ್ಷೆಯಲ್ಲೂ ಸಣ್ಣಿ ಹರಿಕಂತ್ರರ ಓಮ್ನಿ ಎರಡೆರಡು ಸಲ ಪಾಸಾಗಿದೆ. ಕುಮಟಾ ಬಳಿಯ ಬಾಡ ಊರಿನ ಸಣ್ಣಿ ನಸುಕಿನಲ್ಲೇ ಮೀನುದೋಣಿಗಳು ನಿಲ್ಲುವ ಕಾಸರಕೋಡಿನ ಧಕ್ಕೆಗೆ ಬಂದು ಮೀನು ಕೊಂಡು, ಶರಾವತಿ ಸೇತುವೆ ದಾಟಿ, ಕುಮಟಾದ ಮನೆಮನೆಗೆ ಮಾರುವವರು. ಬಹಳ ವರ್ಷ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಕತ್ತು ತಿರುಗಿಸಲಾಗದಂತಾದಾಗ ಡ್ರೈವಿಂಗ್ ಕಲಿತರು. ಮೊನ್ನೆ ಸೇತುವೆಯ ಮೇಲೆ ಬಸ್ಸೊಂದು ಪಕ್ಕಕ್ಕೆ ಬಂದಾಗ ಓಮ್ನಿ ತಡೆಗೋಡೆಯತ್ತ ಎಳೆದುಕೊಂಡು ಹೋಯಿತು. ಅಂದಿನಿಂದ ಸೇತುವೆ ಬಂತೆಂದರೆ ಅವರಿಗೆ ಹೆದರಿಕೆ. ಗಾಡಿ ಮಾರಿಬಿಡು ಎಂದು ಭಾವ ಶ್ರೀಧರ ಬೆನ್ನು ಬಿದ್ದಿದ್ದಾರೆ. ಭಟ್ಕಳದ ಗಿರಾಕಿಯೊಬ್ಬ ಶನಿವಾರ ಧಕ್ಕೆಗೇ ಬಂದು ಗಾಡಿ ಒಯ್ಯುವವನಿದ್ದಾನೆ. ಒಯ್ದರೆ ಸಣ್ಣಿಯವರ ತಲೆಗೆ ಮತ್ತೆ ಬುಟ್ಟಿ.

ಗಾಡಿ ಸರಿಯಾಗಿದೆ ಎಂದು ತಿಮ್ಮಪ್ಪನವರು ಹೇಳಿದಾಗ ಸಣ್ಣಿ ಜಗಳಾಡಲಿಲ್ಲ. "ಹಂಗಾರೆ ನನ್ನ ತಲೇನೇ ಸಮಾ ಇಲ್ಲ ಅಂತ ಹೇಳಿಬಿಡು ತಿಮ್ಮಣ್ಣ" ಎಂದಷ್ಟೇ ಅಂದರು. ಆ ಮಾತು ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಗಾಡಿಯನ್ನು ಶೆಡ್ಡಿನಲ್ಲೇ ಇಟ್ಟುಕೊಂಡು ಇಂದು, ಶುಕ್ರವಾರ, ನಸುಕಿಗೇ ಹೊರಟದ್ದು ಅದಕ್ಕೇ.

ಮೊದಲ ಬಸ್ಸಿಗೆ ಸಣ್ಣಿ ಬಂದಿಳಿದಾಗ ತಿಮ್ಮಪ್ಪನವರು ಓಮ್ನಿಯ ಒಳಗೆ ತಲೆ ಹಾಕಿ ನಿಂತಿದ್ದಾರೆ. ಮೀನಿನ ಗಾಡಿ ಸಾಬೂನಿನ ವಾಸನೆ ಹೊಡೆಯುತ್ತಿದೆ. ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಊದುಬತ್ತಿಯ ಕಡ್ಡಿ.

"ಇದೆಂತದೇ ಸಣ್ಣಿ?"

"ಮತ್ತೆಂತ ಮಾಡೂದು? ಮೀನಿನ ನಾತ ಹೊತ್ಕಂಡು ಬರೂಕಾಗ್ತದಾ? ನಿನ್ನಲ್ಲಿ ಎಂತೆಂಥವ್ರ ಕಾರು ನಿಂತಿರ್ತದೆ."

ಎರಡು ಸಲವೂ ಅವರು ಐಸಿನ ಪೆಟ್ಟಿಗೆಗಳನ್ನು ಮನೆಯಲ್ಲಿ ಇಳಿಸಿ, ತಿಕ್ಕಿ ತೊಳೆದು, ಊದುಬತ್ತಿ ಹಚ್ಚಿಯೇ ಗಾಡಿ ತಂದಿದ್ದರು. ಮನೆಗೆ ನೆಂಟರು ಬರುತ್ತಾರೆಂದು ಕಾಯಿಲೆಯವನಿಗೆ ಸ್ನಾನ ಮಾಡಿಸಿ, ಪೌಡರು ಹಚ್ಚಿ ಕೂರಿಸಿದಂತೆ. ಬಂದವನೋ ವೈದ್ಯ. ತಿಮ್ಮಪ್ಪನವರು ಹಣೆ ಬಡಿದುಕೊಂಡು ಒಂದೇ ಪ್ರಶ್ನೆ ಕೇಳಿದರು: ಪೆಟ್ಟಿಗೆ ಇಡುವುದು ಎಲ್ಲಿ? ಮೀನು ಕೊಳ್ಳುವವರು ನಿಲ್ಲುವುದು ರಸ್ತೆಯ ಎಡಕ್ಕೆ, ಆದ್ದರಿಂದ ಎಲ್ಲವೂ ಎಡಬಾಗಿಲ ಪಕ್ಕಕ್ಕೇ, ಒಂದರ ಮೇಲೊಂದು, ಎಂದರು ಸಣ್ಣಿ.

ಇಬ್ಬರೂ ಆಗಲೇ ಧಕ್ಕೆಗೆ ಹೋಗುತ್ತಾರೆ. ಬಂಗಡೆ ತುಂಬಿ, ಐಸು ಹಾಕಿ, ಎಂದಿನಂತೆ ಎಡಕ್ಕೇ ಪೇರಿಸುತ್ತಾರೆ. ವಾಪಸು ಬರುವಾಗ ಸೇತುವೆ ಹತ್ತುತ್ತಲೇ ಓಮ್ನಿ ಮೆಲ್ಲಗೆ ತಡೆಗೋಡೆಯ ಕಡೆ ಮುಖ ಮಾಡುತ್ತದೆ. ತಿಮ್ಮಪ್ಪನವರ ಮುಖ ಅರಳುತ್ತದೆ, ಪಕ್ಕದಲ್ಲಿ ಕೂತ ಸಣ್ಣಿಯವರದು ಬಿಳಿಚಿಕೊಳ್ಳುತ್ತದೆ. "ಕಂಡ್ತಾ? ಸುಳ್ಳು ಹೇಳಿದ್ನಾ ನಾನು?" ಎಂದವರ ಕಣ್ಣಲ್ಲಿ ನೀರು.

ಸೇತುವೆ ದಾಟಿ ಬದಿಗೆ ನಿಲ್ಲಿಸಿ ತಿಮ್ಮಪ್ಪನವರು ಗಾಡಿಯ ಕೆಳಗೆ ನುಗ್ಗುತ್ತಾರೆ. ಎಡ ಹಿಂಚಕ್ರದ ಮೇಲೆ ಭಾರ ಹೊರುವ ಉಕ್ಕಿನ ಪಟ್ಟಿಯಲ್ಲಿ ಬಿರುಕು. ಐಸಿನ ಉಪ್ಪುನೀರು ದಿನವೂ ಅಲ್ಲಿಗೇ ತೊಟ್ಟಿಕ್ಕಿ ತುಕ್ಕು ತಿಂದಿದೆ. ಗಾಡಿ ಖಾಲಿಯಿದ್ದಾಗ ಮುಚ್ಚಿಕೊಂಡು, ಹೊರೆ ಬಿದ್ದಾಗ ಬಾಯಿ ಬಿಟ್ಟು ಚಕ್ರವನ್ನು ಓರೆಯಾಗಿಸುವ ಬಿರುಕು. ಕೆನ್ನೆಯ ಮೇಲೆ ಮೀನಿನ ನೀರು ಇಳಿಯುತ್ತಿದ್ದರೂ ಕಳ್ಳ ಸಿಕ್ಕ ಖುಷಿಯಲ್ಲಿ ಅವರಿಗೆ ಏಳುವ ಮನಸ್ಸಿಲ್ಲ.

ಅವರಿಗೆ ನಾಚಿಕೆಯೂ ಆಗಿದೆ. ಅವರ ಅಪ್ಪ ಇದೇ ಹೊಳೆಯಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದವರು. "ಜನ ಒಂದೇ ಬದಿ ಕೂತ್ರೆ ಅಪ್ಪ ಬೈದು ಎಬ್ಬಿಸ್ತಿದ್ದ. ದೋಣಿಯವನ ಮಗ ಆಗಿ ಖಾಲಿ ಗಾಡಿ ಓಡಿಸ್ತಾ ಕೂತೆ ನಾನು."

ಸಂಜೆಯೊಳಗೆ ಪಟ್ಟಿ ಬದಲಾಗುತ್ತದೆ, ಪೆಟ್ಟಿಗೆಗಳಿಗೆ ಗಾಡಿಯ ನಡುವೆ ಜಾಗವಾಗುತ್ತದೆ. ಆದರೂ ಸಣ್ಣಿ ಮಾತು ಕೊಡುವುದಿಲ್ಲ. ಭಟ್ಕಳದ ಗಿರಾಕಿ ನಾಳೆ ಬರುವವನೇ. ಧಕ್ಕೆಯಲ್ಲಿ ಮೀನು ತುಂಬಿದ ಮೇಲೆ ಸೇತುವೆ ಹತ್ತುವ ಧೈರ್ಯ ಬರದಿದ್ದರೆ ಕೀಲಿ ಕೊಟ್ಟುಬಿಡುವುದಾಗಿ ಹೇಳಿ ಗಾಡಿ ಓಡಿಸಿಕೊಂಡು ಹೋಗುತ್ತಾರೆ.

ಶನಿವಾರ ಬೆಳಗ್ಗೆ ತಿಮ್ಮಪ್ಪನವರು ಒಂದೂ ಕಾರು ಮುಟ್ಟಿಲ್ಲ. ಮಾರಾಟವಾದರೆ ಓಮ್ನಿ ಧಕ್ಕೆಯಿಂದ ದಕ್ಷಿಣಕ್ಕೆ ಭಟ್ಕಳದ ದಾರಿ ಹಿಡಿಯುತ್ತದೆ, ಇಲ್ಲವಾದರೆ ಸೇತುವೆ ದಾಟಿ ಈ ಶೆಡ್ಡಿನ ಮುಂದೆಯೇ ಹೋಗಬೇಕು. ಅವರು ರಸ್ತೆಯಂಚಿಗೆ ಬರುತ್ತಾರೆ, ಒಳಗೆ ಹೋಗುತ್ತಾರೆ, ಸ್ಪ್ಯಾನರ್ ಎತ್ತಿ ಮತ್ತೆ ಅಲ್ಲೇ ಇಡುತ್ತಾರೆ.

ಬಿಸಿಲು ಏರುವ ಹೊತ್ತಿಗೆ ಓಮ್ನಿ ಬರುತ್ತದೆ. ಹಿಂಬದಿ ಭಾರಕ್ಕೆ ತಗ್ಗಿದೆ, ಐಸಿನ ನೀರು ಸುರಿಯುತ್ತಿದೆ, ನಾತ ಮುಂಚೆಯೇ ಬಂದು ತಲುಪಿದೆ. ಎಲೆಯಡಿಕೆಯ ಕವಳ ತುಂಬಿದ ಬಾಯಲ್ಲಿ ಸಣ್ಣಿ ಮುಂದಿನ ಲಾರಿಗೆ ಏನೋ ಬೈಯುತ್ತಿದ್ದಾರೆ. ಹಾರ್ನ್ ಇಲ್ಲ, ಕೈ ಬೀಸುವುದೂ ಇಲ್ಲ. ಶೆಡ್ಡಿನ ಕಡೆ ಕಣ್ಣೂ ಹಾಯಿಸದೆ ನೇರ ಕುಮಟಾ ಕಡೆ ಹೊರಟುಹೋಗುತ್ತಾರೆ.

ತಿರುಗಿಯೂ ನೋಡಲಿಲ್ಲವಲ್ಲ ಎಂದು ರೇಖಾ ಚುಚ್ಚಿದರೆ ತಿಮ್ಮಪ್ಪನವರು ನಗುತ್ತಾರೆ.

"ಗಾಡಿ ನೆಟ್ಟಗೆ ಹೋಗ್ತಿದ್ರೆ ನನ್ನ ನೆನಪು ಯಾರಿಗೆ ಬತ್ತದೆ? ಬರೂಕೆ ಬಾರ್ದು. ಹಂಗಾದ್ರೇ ನನ್ನ ಕೆಲಸ ಆತು."