ಪ್ರಮಾಣವಚನದ ಹೊತ್ತಿಗೆ ಬದಲಾದ ತಟ್ಟೆ

ಅರಸೀಕೆರೆಯ ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಈಗಷ್ಟೇ ಒಂದು ಕಟ್ಟು ವೀಳ್ಯದೆಲೆ ಕೊಂಡೆ. ಒದ್ದೆ ಗೋಣಿ ಸರಿಸಿದೊಡನೆ ಎದ್ದ ಆ ಖಾರದ ವಾಸನೆ, ಓದುಗ ಮಿತ್ರರೇ, ನನ್ನನ್ನು ನೇರವಾಗಿ ಗಂಡಸಿಯ ಅಕ್ಕನ ಮನೆಗೆ ಕೊಂಡೊಯ್ದಿತು. ಕೆಲವು ವರ್ಷಗಳ ಹಿಂದಿನ, ಅಕ್ಕನ ಮಗಳು ರೂಪಳ ನಿಶ್ಚಿತಾರ್ಥದ ದಿನಕ್ಕೆ.

ದಿನ ಗೊತ್ತುಮಾಡಿದ್ದು ಚುನಾವಣೆಗೆ ಮೊದಲು. ಫಲಿತಾಂಶ ಬಂದಾಗ ಒಂದು ಪಕ್ಷ ರಾಜ್ಯವನ್ನೇ ಬಾಚಿಕೊಂಡಿತ್ತು. ನನ್ನ ಭಾವ ನಂಜೇಗೌಡರು ಸೋತ ಪಕ್ಷದ ಬೂತ್ ಏಜೆಂಟರು. ಗೆಲುವು ತಮ್ಮದೇ ಎಂದು ಊರಿಗೆಲ್ಲ ಸಾರಿದ್ದವರು. ಮಾದಿಹಳ್ಳಿಯ ಬೀಗರು ಗೆದ್ದ ಪಕ್ಷದವರು. ಅಷ್ಟಾದರೂ ಸುಧಾರಿಸಬಹುದಿತ್ತು. ಆದರೆ ಹೊಸ ಸರ್ಕಾರದ ಪ್ರಮಾಣವಚನಕ್ಕೂ ನಮ್ಮ ತಟ್ಟೆ ಬದಲಾಯಿಸುವ ಶಾಸ್ತ್ರಕ್ಕೂ ಒಂದೇ ಮುಹೂರ್ತ ಒದಗಿತು. ಶುಭಗಳಿಗೆಯು ಎಲ್ಲ ಪಂಚಾಂಗಗಳಲ್ಲೂ ಒಂದೇ ಆಗಿರುವುದು ಸಹಜವೆಂದು ವಿವರಿಸಲು ಹೊರಟ ನಾನು, ಅಕ್ಕನಿಂದ ಬಾಳೆಯೆಲೆ ಒರೆಸುವ ಕೆಲಸಕ್ಕೆ ನೇಮಕಗೊಂಡೆ.

ಬೀಗರು ಬಂದರು, ಕಾಫಿಯ ಜೊತೆಗೆ ಟಿ.ವಿ.ಯನ್ನೂ ಕೇಳಿದರು. ಪರದೆಯ ಮೇಲೆ ವೇದಿಕೆ ಕಂಡದ್ದೇ ತಡ, ಭಾವ ಹಿತ್ತಿಲಿಗೆ ಹೋಗಿ ತೆಂಗಿನಕಾಯಿ ರಾಶಿಯ ಮೇಲೆ ಕುಳಿತುಬಿಟ್ಟರು. ತಮ್ಮನ್ನು ಸೋಲಿಸಿದವರು ಪಟ್ಟವೇರುವ ಗಳಿಗೆಯಲ್ಲಿ ಮಗಳ ಶಾಸ್ತ್ರ ಆಗಕೂಡದು, ಮುಂದಿನ ವಾರ ನೋಡೋಣ ಎಂಬುದು ಅವರ ಹಟ. ಮುಂದಿನ ವಾರವೆಂದರೆ ಬೀಗರು ಅವಮಾನವೆಂದು ಎದ್ದುಹೋಗುವರು, ಸಂಬಂಧವೇ ಮುರಿಯುವುದು. ಇಷ್ಟನ್ನೂ ನಾನು ಪೀಠಿಕೆ, ಕಾರಣ, ಉಪಸಂಹಾರಗಳೊಡನೆ ಕ್ರಮವಾಗಿ ನಿವೇದಿಸಿದೆ. ಭಾವ ಒಂದು ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸುತ್ತಿದ್ದರು.

"ಮುಗೀತಾ ಮೇಷ್ಟ್ರೇ?" ಎಂದರು.

ಆಗ ರೂಪ, ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು, ತಾನೇ ಹಿತ್ತಿಲಿಗೆ ಬಂದಳು.

"ಅಪ್ಪ, ಹುಡುಗನ್ನ ಒಪ್ಪಿರೋಳು ನಾನು. ಸೋತಿರೋದು ನಿನ್ ಪಕ್ಷ. ನನ್ನನ್ಯಾಕೆ ಅದರ ಜೊತೆ ಕೂರಿಸ್ತೀಯ?"

ಭಾವ ಅವಳ ಮುಖವನ್ನೇ ನೋಡಿದರು. ಬಳಿಕ ಎದ್ದು, ಪಂಚೆ ಕೊಡವಿಕೊಂಡು, ನಡುಮನೆಗೆ ನಡೆದರು. ಸಂಕೋಚದಿಂದ ಟಿ.ವಿ. ಆರಿಸಲು ಹೋದ ಬೀಗರನ್ನು ಅವರೇ ತಡೆದರು.

"ಇರ್ಲಿ ಬಿಡಿ ಬೀಗ್ರೇ, ಸೌಂಡ್ ಜಾಸ್ತಿ ಮಾಡಿ. ಏನೇನು ಪ್ರಮಾಣ ಮಾಡ್ತಾರೋ ನಂಗೂ ಗೊತ್ತಾಗ್ಲಿ. ನಾಳೆಯಿಂದ ವಿಚಾರಿಸ್ಕೊಳೋ ಕೆಲಸ ನಮ್ದೈತೆ."

"ನೋಡ್ರಪ್ಪ," ಎಂದು ಬೀಗರು ನಕ್ಕರು, "ಹೆಣ್ಣಿನ ಜೊತೆ ವಿರೋಧ ಪಕ್ಷನೂ ನಮ್ಮನೆಗೆ ಕಳಿಸ್ತಾವ್ರೆ."

ಅತ್ತ ಮಂತ್ರಿಗಳು ಒಬ್ಬೊಬ್ಬರಾಗಿ ಪ್ರಮಾಣ ಸ್ವೀಕರಿಸುತ್ತಿರಲು, ಇತ್ತ ನಾನು ಲಗ್ನಪತ್ರಿಕೆಯನ್ನು ಓದಿದೆ. ಟಿ.ವಿ.ಗಿಂತ ನನ್ನ ಉಚ್ಚಾರಣೆಯೇ ಸ್ಪಷ್ಟವಾಗಿತ್ತೆಂದು ಇಂದಿಗೂ ನಂಬಿದ್ದೇನೆ. ತಟ್ಟೆಗಳು ಬದಲಾದವು.

ಈಗ ನಾನು ಕಾಯುತ್ತಿರುವುದು ಮಾದಿಹಳ್ಳಿಗೆ ಹೋಗಲು. ರೂಪ ಗ್ರಾಮ ಪಂಚಾಯಿತಿ ಚುನಾವಣೆಗೆ ನಿಂತಿದ್ದಾಳೆ. ಅಲ್ಲಿ ಪಕ್ಷದ ಚಿಹ್ನೆಗಳಿಲ್ಲವಾದ್ದರಿಂದ ಅವಳ ತಂದೆಯೂ ಮಾವನವರೂ ಅವಳಿಗಾಗಿ ಒಟ್ಟಿಗೇ ಮನೆಮನೆ ಸುತ್ತುತ್ತಿದ್ದಾರೆ, ದಾರಿಯುದ್ದಕ್ಕೂ ರಾಜ್ಯ ಸರ್ಕಾರದ ವಿಷಯವಾಗಿ ಜಗಳವಾಡುತ್ತ. ಭಾಷಣ ಬರೆದುಕೊಡಲೇ ಎಂದು ನಿನ್ನೆ ಫೋನಿನಲ್ಲಿ ಕೇಳಿದ್ದೆ. ಭಾಷಣ ತಾನೇ ಮಾಡುವುದಾಗಿಯೂ, ಆ ಇಬ್ಬರನ್ನು ಬೇರೆ ಬೇರೆ ಬೀದಿಗೆ ಹಂಚಲು ಒಬ್ಬರು ಬೇಕಾಗಿರುವುದಾಗಿಯೂ ಹೇಳಿದಳು. ಯಾರನ್ನು ನನ್ನೊಡನೆ ಕಳಿಸುತ್ತೀಯೆ ಎಂದೆ.

"ನಮ್ಮ ಮಾವನೋರ್ನ ನೀವು ಕರ್ಕೊಂಡೋಗಿ. ಅಪ್ಪ ನನ್ ಜೊತೆ ಇರ್ಲಿ. ಒಂದ್ಸಲ ಸೋತೋರಿಗೆ ಓಟು ಕೇಳೋದು ಚೆನ್ನಾಗಿ ಗೊತ್ತಿರ್ತದೆ."